ಏಳು ಗಂಟೆಯ ಸೀರಿಯಲ್, ಏಳು ಗಂಟೆಯ ರೊಟ್ಟಿ

ಟಿವಿಯ ಈಗಿನ ಜಾಹೀರಾತುಗಳೆಲ್ಲ ನನಗೆ ಬಾಯಿಪಾಠ. ಬಟ್ಟೆ ಸೋಪಿನದು, ಕೂದಲೆಣ್ಣೆಯದು, ಸಿಮೆಂಟಿನದು, ಕೊನೆಗೆ ಲೋಕಲ್ ಕೇಬಲ್‌ನಲ್ಲಿ ನಮ್ಮ ಶಹಾಪುರದ ಬಟ್ಟೆ ಅಂಗಡಿಯವರು ತಾವೇ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ ಹೇಳುವುದೂ ಸೇರಿ. ಇವನ್ನೆಲ್ಲ ಕಣ್ಣಿಂದ ನೋಡಿ ಕಲಿತದ್ದಲ್ಲ, ಅಡುಗೆಮನೆಯಲ್ಲಿ ನಿಂತು ಕಿವಿಯಿಂದ ಕಲಿತದ್ದು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಟಿವಿಯ ಮುಂದೆ ನನಗೆ ಜಾಗ ಸಿಗಲಿಲ್ಲ. ಸಿಗದ ಹಾಗೆ ಮಾಡಿದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆಕೆಯ ಮೇಲೆ ನಾನು ಸೇಡು ತೀರಿಸಿಕೊಂಡೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಸುರಪುರದ ನನ್ನ ತವರಿನಲ್ಲಿ ಆ ಸೀರಿಯಲ್ಲನ್ನು ಮೊದಲ ದಿನದಿಂದ ನೋಡಿದವಳು ನಾನು. ಏಳು ಗಂಟೆಗೆ ಅವ್ವ, ನಾನು, ಪಕ್ಕದ ಮನೆಯ ಖಾಲಾ ಮೂವರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವು. ಖಾಲಾಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಸೀರಿಯಲ್ಲಿನ ಕೆಟ್ಟ ಹೆಂಗಸನ್ನು ಬೈಯುವಾಗ ಮಾತ್ರ ತಮ್ಮ ಮನೆಮಾತು ಉರ್ದುವೇ ಬೇಕು. "ಇಸ್ಕೆ ಮೂಂ ಮೇ ಮಟ್ಟಿ ಪಡೋ" ಎಂದು ಆಕೆ ಲಟಿಕೆ ಮುರಿದರೆ, ಅವ್ವ ಅದನ್ನೇ ಕನ್ನಡದಲ್ಲಿ "ಬಾಯಾಗ ಮಣ್ಣ ಬೀಳ್ಲಿ" ಎನ್ನುತ್ತಿದ್ದಳು. ಬ್ರೇಕ್ ಬಂದಾಗ ನಾವು ಏಳುತ್ತಿರಲಿಲ್ಲ. ಜಾಹೀರಾತಿನ ಹುಡುಗಿಯ ಸೀರೆ ಯಾವ ತರಹದ್ದು, ಆ ಅಡುಗೆಮನೆಯ ಕಟ್ಟೆ ಎಷ್ಟು ಚೊಕ್ಕ, ಇಷ್ಟು ನಗುತ್ತ ಯಾರು ಪಾತ್ರೆ ತಿಕ್ಕುತ್ತಾರೆ ಎಂಬ ಮಾತುಗಳೆಲ್ಲ ಆಗಲೇ ಆಗಬೇಕು. ದಿನದ ಸುಖವೆಂದರೆ ನನಗೆ ಅದೇ ಆಗಿತ್ತು.

ಶಹಾಪುರದ ಈ ಮನೆಯಲ್ಲಿ ಟಿವಿ ಇನ್ನೂ ದೊಡ್ಡದು. ಎದುರಿಗೆ ಸೋಫಾ. ಮದುವೆಯಾದ ವಾರದಲ್ಲಿ ಏಳು ಗಂಟೆಗೆ ಸೀರಿಯಲ್ಲಿನ ಹಾಡು ಕೇಳಿದ್ದೇ ತಡ, ನಾನು ಹೋಗಿ ಸೋಫಾದ ತುದಿಯಲ್ಲಿ ಕುಳಿತೆ. ಓಣಿಯ ನಾಲ್ಕಾರು ಹೆಂಗಸರು ಆಗಲೇ ಬಂದು ಕೂತಿದ್ದರು. ನೆಗೆಣ್ಣಿ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಏಳವ್ವ. ರೊಟ್ಟಿ ಯಾರು ಬಡೀಬೇಕು? ಸೀರಿಯಲ್ ನೋಡಾಕಂತ ತಂದೀವೇನು ನಿನ್ನ?"

ಹೆಂಗಸರು ನಕ್ಕರು. ನಾನು ಎದ್ದು ಹೋದೆ. ಸೀರಿಯಲ್ ಮುಗಿದ ಮೇಲೆ, ಆದದ್ದು ಆಗಿ ಹೋಯಿತೆಂದು ನನ್ನ ಅಭಿಮಾನವನ್ನು ನುಂಗಿಕೊಂಡು ಕೇಳಿದೆ, "ಅಕ್ಕಾ, ಇವತ್ತ ಏನಾತ್ರಿ?"

"ನೋಡಿದವರಿಗಷ್ಟ ತಿಳೀತದ ಅದು," ಎಂದಳು.

ಆ ಮಾತು ನನ್ನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು. ಸೀರಿಯಲ್ಲಿನ ಮೊದಲ ಕಂತಿನಿಂದ ನೋಡಿದವಳಿಗೆ, ಮಧ್ಯದಲ್ಲಿ ಬಂದು ಸೇರಿಕೊಂಡವಳು ಹೇಳಿದ ಮಾತು ಅದು. ಯಾದಗಿರಿಯವಳು ಆಕೆ. ರೈಲು ನಿಲ್ಲುವ ಊರಲ್ಲಿ ಹುಟ್ಟಿದ್ದೇ ದೊಡ್ಡಸ್ತಿಕೆ ಎಂದುಕೊಂಡವಳು. ಸುರಪುರದ ಬಸ್ಸಿನಲ್ಲಿ ಬಂದವಳು ಆಕೆಯ ಲೆಕ್ಕಕ್ಕೇ ಇಲ್ಲ.

ಕೆಲಸ ಹಂಚಿದ್ದೂ ಆಕೆಯೇ. ಪಲ್ಯ, ಬೇಳೆ ದೊಡ್ಡ ಸೊಸೆಯದು, ರೊಟ್ಟಿ ಸಣ್ಣ ಸೊಸೆಯದು. ಕೇಳಲು ನ್ಯಾಯವೇ. ಆದರೆ ಪಲ್ಯವನ್ನು ಆರು ಗಂಟೆಗೇ ಮಾಡಿ ಮುಚ್ಚಿಡಬಹುದು, ರೊಟ್ಟಿಯನ್ನು ಇಡಲಾಗದು. ಮಾವ ಮತ್ತು ಇಬ್ಬರು ಗಂಡುಮಕ್ಕಳು ರೈತರ ಹತ್ತಿ ಜೋಳ ಮಾರಿಸಿಕೊಡುವ ಅಡತ್ತಿ ಅಂಗಡಿ ಮುಚ್ಚಿ, ಧೂಳು ತೊಳೆದುಕೊಂಡು ಏಳೂವರೆಗೆ ಊಟಕ್ಕೆ ಕೂರುತ್ತಾರೆ. ಅವರ ತಾಟಿಗೆ ಬೀಳುವ ರೊಟ್ಟಿಯಿಂದ ಹಬೆ ಏಳಬೇಕು. ಅಂದರೆ ಸರಿಯಾಗಿ ಏಳು ಗಂಟೆಗೆ ಹಿಟ್ಟಿಗೆ ಬಿಸಿನೀರು ಹಾಕಬೇಕು. ಸುತ್ತ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಊರು ಇದು, ಆದರೂ ಈ ಮನೆಯ ಗಂಡಸರಿಗೆ ರಾತ್ರಿ ಅನ್ನ ಎಂದರೆ ಅದು ಜಡ್ಡಿನವರ ಊಟ.

ಫೋನಿನಲ್ಲಿ ನೋಡಬಹುದಿತ್ತಲ್ಲ ಎಂದು ಕೇಳುವವರಿರುತ್ತಾರೆ. ಮರುದಿನ ಮಧ್ಯಾಹ್ನ ಮೂಲೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತಲೇ ಇದ್ದೆ. ಅಲ್ಲಿ ಜಾಹೀರಾತಿಲ್ಲದೆ ಬರೀ ಕಥೆ ತಿಳಿಯುತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಕಥೆಯಲ್ಲ, ಆ ಸೋಫಾ. ನಾಲ್ಕು ಜನರ ನಡುವೆ ಕೂತು ಬೈಯುವುದು, ಮರುಗುವುದು, ಬ್ರೇಕಿನಲ್ಲಿ ಸೀರೆಯ ಮಾತಾಡುವುದು. ಈ ಮನೆಯಲ್ಲಿ ನಾನೂ ಒಬ್ಬಳು ಎಂದು ಅಲ್ಲಿ ಕೂತರೆ ಮಾತ್ರ ಅನ್ನಿಸುತ್ತಿತ್ತು. ನೆಗೆಣ್ಣಿಗೂ ಕಥೆ ಬೇಕಿರಲಿಲ್ಲ ಬಿಡಿ. ಓಣಿಯ ಹೆಂಗಸರ ಮಧ್ಯೆ ಕೂತು ಎಲ್ಲರಿಗಿಂತ ಮೊದಲು ಅಯ್ಯಯ್ಯ ಅನ್ನಬೇಕಿತ್ತು.

ನನ್ನ ಕೈಗೆ ಆಯುಧ ಕೊಟ್ಟವಳು ಆಕೆಯೇ. ಒಂದು ಸಂಜೆ ಪಡಸಾಲೆಯಿಂದ ಕೂಗಿದಳು, "ಮೆಲ್ಲಕ ಬಡಿಯವ್ವ, ಇಲ್ಲಿ ಏನೂ ಕೇಳವಲ್ದು."

ಆಗ ನನಗೆ ಹೊಳೆಯಿತು. ಅಲ್ಲಿಯವರೆಗೆ ರೊಟ್ಟಿಯ ಸಪ್ಪಳ ನನ್ನ ಕಿವಿಗೇ ಬಿದ್ದಿರಲಿಲ್ಲ.

"ಮೆಲ್ಲಕ ಬಡದ್ರ ಹರೀತಾವ್ರಿ ಅಕ್ಕಾ," ಎಂದೆ.

ಮರುದಿನದಿಂದ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಬಡಿಯುವುದನ್ನು ಬಿಟ್ಟೆ. ಹಿಟ್ಟು ನಾದುವ ಸ್ಟೀಲಿನ ದೊಡ್ಡ ತಟ್ಟೆ, ಪರಾತವನ್ನು ಇಟ್ಟುಕೊಂಡು ಅದರೊಳಗೆ ಬಡಿಯಲು ಶುರು ಮಾಡಿದೆ. ಎರಡೂ ಕೈಗೆ ಮೊಣಕೈ ಮಟ್ಟ ಗಾಜಿನ ಬಳೆ ಏರಿಸಿದೆ. ಸೊಸೆ ಎಷ್ಟು ಲಕ್ಷಣವಾಗಿದ್ದಾಳೆ ಎಂದು ಬಂದವರು ಹೊಗಳಿದರು. ಸೀರಿಯಲ್ಲಿನಲ್ಲಿ ಯಾರಾದರೂ ದನಿ ಇಳಿಸಿ ಗುಟ್ಟು ಹೇಳಲು ತೊಡಗಿದರೆ ನನ್ನ ಅಂಗೈ ಏರುತ್ತಿತ್ತು. ಅಳುವ ದೃಶ್ಯವಿದ್ದರೆ ಇನ್ನೂ ಜೋರು. ಬ್ರೇಕ್ ಬಂದದ್ದು ನೋಡದೆಯೂ ತಿಳಿಯುತ್ತದೆ, ಜಾಹೀರಾತು ಶುರುವಾದರೆ ಟಿವಿಯ ದನಿ ತಾನಾಗಿಯೇ ಏರುತ್ತದೆ. ಆಗ ನಾನು ಒಲೆ ಸಣ್ಣ ಮಾಡಿ ಹಿಟ್ಟು ನಾದುತ್ತಿದ್ದೆ. ನಾದಲು ಸಪ್ಪಳವಿಲ್ಲ. ಹೀಗೆ ಪಡಸಾಲೆಯವರಿಗೆ ಸಿಮೆಂಟಿನ ಗಟ್ಟಿತನವೂ ಕೂದಲೆಣ್ಣೆಯ ಮಹಿಮೆಯೂ ಒಂದಕ್ಷರ ಬಿಡದೆ ಕೇಳುತ್ತಿದ್ದವು. ಸೀರಿಯಲ್ ಮಾತ್ರ ಬಾಯಿ ಆಡಿಸುವ ಬೊಂಬೆಯಾಟವಾಯಿತು.

ನೆಗೆಣ್ಣಿ ಏನೇನೋ ಮಾಡಿ ನೋಡಿದಳು. ದನಿ ಏರಿಸಿದಳು. ಆದರೆ ಬ್ರೇಕಿನಲ್ಲಿ ಬಟ್ಟೆ ಅಂಗಡಿಯವರು ಕಿವಿಯ ತಮಟೆ ಹರಿಯುವಂತೆ ಒದರಿದಾಗ ತಾನೇ ಇಳಿಸಿದಳು. ರೊಟ್ಟಿ ಆರು ಗಂಟೆಗೇ ಆಗಲಿ ಎಂದಳು. ಮಾವ ಒಂದು ತುತ್ತು ಮುರಿದು, "ಇದನ್ನ ಯಾರಿಗೆ ಮಾಡೀರಿ?" ಎಂದು ತಾಟು ಸರಿಸಿದರು. ರೊಟ್ಟಿ ಮಾಡಿ ಮಾರುವವರಿಂದ ಒಂದು ದಿನ ತರಿಸಿದಳು. ಮಾವ ಅದನ್ನು ಮುಟ್ಟಲೇ ಇಲ್ಲ, ನನ್ನ ಹೆಸರು ಹೇಳದೆ ನನ್ನ ರೊಟ್ಟಿಯನ್ನು ಹೊಗಳಿದರು. ಆಕೆಯ ಮುಖ ನೋಡಬೇಕಿತ್ತು. ನಾನು ನೋಡಿದೆ, ಕಣ್ತುಂಬ ನೋಡಿದೆ.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟು ಎದುರು ಮನೆಗೆ ಹೋಗತೊಡಗಿದರು. ಕೊನೆಗೆ ಸೋಫಾದ ಮೇಲೆ ಉಳಿದವರು ನೆಗೆಣ್ಣಿ ಮತ್ತು ನಮ್ಮ ಅತ್ತೆ, ಇಬ್ಬರೇ. ಅತ್ತೆಗೆ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಟಿವಿ ಅವರಿಗೆ ರೇಡಿಯೋ ಇದ್ದ ಹಾಗೆ, ಕಿವಿಗೆ ಬಿದ್ದಷ್ಟೇ ಕಥೆ. ಅವರನ್ನು ನೆನೆದರೆ ಕೈ ಒಮ್ಮೊಮ್ಮೆ ತಡೆಯುತ್ತಿತ್ತು. ಮರುಕ್ಷಣ ಮೊದಲ ದಿನ ಸೋಫಾದಲ್ಲಿ ಎದ್ದ ಆ ನಗು ನೆನಪಾಗುತ್ತಿತ್ತು, ಮತ್ತೆ ಬಡಿಯುತ್ತಿದ್ದೆ.

ಸೀರಿಯಲ್ ಮುಗಿಯುವ ದಿನ ಬಂತು. ಕೊನೆಯ ಕಂತು ಎಂದು ವಾರವಿಡೀ ಜಾಹೀರಾತು ಹಾಕಿ ಊರೆಲ್ಲ ಡಂಗುರ ಸಾರಿದ್ದರು. ಆ ಕೆಟ್ಟ ಹೆಂಗಸು ನಾಯಕಿಯ ಮುಂದೆ ಕೂತು ಎಲ್ಲವನ್ನೂ ಬಾಯಿಬಿಡುತ್ತಾಳಂತೆ. ನೆಗೆಣ್ಣಿ ತಾನೇ ಎದುರು ಮನೆಗೆ ಹೋಗಿ, ಚಹಾ ಮಾಡುತ್ತೇನೆ ಬನ್ನಿ ಎಂದು ಹೆಂಗಸರನ್ನು ಕರೆತಂದಿದ್ದಳು. ಪಡಸಾಲೆ ತುಂಬಿತ್ತು. ನಾನು ಅಡುಗೆಮನೆಯಲ್ಲಿ ಪರಾತ ತೊಳೆದು ತಯಾರಾಗಿ ನಿಂತಿದ್ದೆ. ಅಂದು ಒಂದಕ್ಷರವೂ ಹೊರಬೀಳದಂತೆ ಬಡಿಯಬೇಕೆಂದು ನಿಶ್ಚಯಿಸಿದ್ದೆ.

ಹಾಡು ಶುರುವಾಯಿತು. ಆಗ ಅತ್ತೆಯ ದನಿ ಕೇಳಿತು.

"ಏಳವ್ವ ದೊಡ್ಡಾಕಿ. ಇವತ್ತ ರೊಟ್ಟಿ ನೀ ಬಡಿ. ಸಣ್ಣಾಕಿ ಬಂದು ಕೂಡ್ಲಿ. ಆಕಿ ಇಲ್ಲಿ ಕೂತ್ರ ನನಗೊಂದಿಷ್ಟು ಕೇಳ್ತದ."

ಅತ್ತೆಗೆ ಎಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು. ಯಾರೋ ಕಿಸಕ್ಕೆಂದರು. ನೆಗೆಣ್ಣಿ ರಿಮೋಟನ್ನು ಸೋಫಾದ ಮೇಲೆ ಕುಕ್ಕಿ ಎದ್ದಳು. ಬಾಗಿಲಲ್ಲಿ ಎದುರಾದಾಗ ನಾನು ಪರಾತವನ್ನು ಆಕೆಯ ಕೈಗೇ ಕೊಟ್ಟೆ. ಹೋಗಿ ನಡುಮಧ್ಯೆ, ಆಕೆ ಕೂತು ಬಿಸಿಯಾಗಿದ್ದ ಜಾಗದಲ್ಲೇ ಕುಳಿತೆ. ನನಗಾದ ಸಂತೋಷ ಎಂಥದ್ದೆಂದರೆ, ತೆರೆಯ ಮೇಲೆ ಏನು ಬರುತ್ತಿದೆ ಎಂದು ಕೆಲಹೊತ್ತು ಗೊತ್ತೇ ಆಗಲಿಲ್ಲ.

ಗೊತ್ತಾಗುವ ಹೊತ್ತಿಗೆ ಅಡುಗೆಮನೆಯಿಂದ ಸಪ್ಪಳ ಶುರುವಾಗಿತ್ತು. ರೊಟ್ಟಿ ಬಡಿಯುವ ಸಪ್ಪಳವಲ್ಲ ಅದು, ಪರಾತವನ್ನೇ ಬಡಿಯುವುದು. ನಾಯಕಿಯ ತುಟಿ ಅಲುಗುತ್ತಿತ್ತು, ಕೆಟ್ಟ ಹೆಂಗಸಿನ ಕಣ್ಣಿಂದ ನೀರು ಇಳಿಯುತ್ತಿತ್ತು, ಮಾತು ಒಂದೂ ಇಲ್ಲ. ಬ್ರೇಕ್ ಬಂತು. ಅಡುಗೆಮನೆ ತಣ್ಣಗಾಯಿತು. ಇಷ್ಟು ದಿನ ಕಿವಿಯಿಂದ ಮಾತ್ರ ಬಲ್ಲ ಕೂದಲೆಣ್ಣೆಯವಳ ಮುಖವನ್ನು ಅಂದು ಮೊದಲ ಸಲ ನೋಡಿದೆ. ದನಿಯಿಂದ ನಾನು ನಡುವಯಸ್ಸಿನ ಹೆಂಗಸೆಂದು ಎಣಿಸಿದ್ದೆ, ಇನ್ನೂ ಕಾಲೇಜಿನ ಹುಡುಗಿ. ಬ್ರೇಕ್ ಮುಗಿಯಿತು. ಪರಾತ ಮತ್ತೆ ಎದ್ದಿತು. ಬ್ರೇಕಿಗೆ ನಿಲ್ಲಬೇಕು, ಕಥೆಗೆ ಬಡಿಯಬೇಕು ಎಂಬುದನ್ನು ಆಕೆ ಚೆನ್ನಾಗಿ ಅರಿತಿದ್ದಳು, ನನ್ನ ಸಪ್ಪಳವನ್ನು ಕೇಳುತ್ತ ಕೂತೇ ಕಲಿತಿದ್ದಳು. ರಿಮೋಟು ನನ್ನ ಕೈಯಲ್ಲಿತ್ತು. ದನಿಯನ್ನು ಕೊನೆಯವರೆಗೆ ಏರಿಸಿದೆ. ಆಕೆಯೂ ಏರಿಸಿದಳು.

ಅತ್ತೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಹೇಳಿದರು, "ಕಣ್ಣಂತೂ ದೇವ್ರು ಕಸಗೊಂಡ. ಇದ್ದ ಕಿವಿಗೆ ನೀವಿಬ್ರೂ ಕೂಡಿ ಬರೇ ಅಡ್ವಟೈಜ್ ತುಂಬೀರಿ."

ಯಾರೂ ನಗಲಿಲ್ಲ. ಕೊನೆಯ ದೃಶ್ಯದಲ್ಲಿ ನಾಯಕಿ ಆ ಹೆಂಗಸಿನ ಕೈ ಹಿಡಿದು ಏನೋ ಅಂದಳು, ಆಕೆ ತಲೆ ತಗ್ಗಿಸಿದಳು, ಹೆಸರುಗಳು ಸರಿಯತೊಡಗಿದವು. ಹೆಂಗಸರು ಚಹಾ ಕುಡಿಯದೆಯೇ ಎದ್ದು ಹೋದರು. ಅಂದು ಮಾವನ ತಾಟಿಗೆ ಬಿದ್ದದ್ದು ಅಂಚು ಹರಿದ ರೊಟ್ಟಿ.

ಗಂಡಸರ ಊಟ ಮುಗಿದ ಮೇಲೆ ನೆಗೆಣ್ಣಿ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು. ಅಂಗೈ ಕೆಂಪಗಾಗಿತ್ತು. ಟಿವಿಯಲ್ಲಿ ಆಗಲೇ ಸೋಮವಾರದಿಂದ ಬರುವ ಹೊಸ ಸೀರಿಯಲ್ಲಿನ ಜಾಹೀರಾತು ಬರುತ್ತಿತ್ತು, ಅದೇ ಏಳು ಗಂಟೆಗೆ. ಆಕೆಗೆ ತಡೆಯಲಾಗಲಿಲ್ಲ.

"ಕೊನಿಗೆ ಆ ಕೆಟ್ಟಾಕಿ ಏನಂದಳು?" ಎಂದು ಕೇಳಿದಳು.

ನಾನು ಸೋಫಾದಿಂದ ಏಳದೆಯೇ ಹೇಳಿದೆ, "ನೋಡಿದವರಿಗಷ್ಟ ತಿಳೀತದ ಅದು, ಅಕ್ಕಾ."

ಆಕೆ ತಿರುಗಿ ಹೋದಳು. ಅಂದು ನನಗೂ ಒಂದಕ್ಷರ ಕೇಳಿಸಿರಲಿಲ್ಲ. ಅದನ್ನು ಆಕೆಗೆ ಇಂದಿಗೂ ಹೇಳಿಲ್ಲ.