ವದಾದಳ ಮಾತು ಹಾಯುವ ತಂತಿ

ವದಾದಳಿಗೆ ಹುಟ್ಟಿನಿಂದಲೇ ಕಿವಿ ಕೇಳದು. ತ್ರಿಪೋಲಿಯ ಬಂದರಿನ ಪಕ್ಕದ ನಮ್ಮ ಓಣಿಯಲ್ಲಿ ಮದುವೆಯ ಉಡುಪು ಹೊಲಿಯುತ್ತಾಳೆ. ನಾನು ಅದೇ ಕಟ್ಟಡದ ಎದುರು ಬಾಗಿಲಿನ ಮುನೀರಾ. ಇಷ್ಟು ವರ್ಷದ ನೆರೆಹೊರೆಯಲ್ಲಿ ಅವಳ ಕೈಮಾತು ನನಗೂ ಬಂದುಬಿಟ್ಟಿದೆ. ಅವಳ ಅಕ್ಕ ನುಹಾಳಿಗೂ ಕಿವಿ ಕೇಳದು. ಬೆಟ್ಟದಾಚೆ ಜಹ್ಲೆಯಲ್ಲಿ ಇರುತ್ತಾಳೆ. ಇಬ್ಬರದೂ ಓದುಬರಹ ಅಷ್ಟಕ್ಕಷ್ಟೇ. ಸಂಜೆಯಾದರೆ ಫೋನಿನ ಪರದೆಯ ಮುಂದೆ ಕೂತು ಕೈಯಲ್ಲೇ ಹರಟುತ್ತಾರೆ.

ಓಣಿಗೆಲ್ಲ ಇಂಟರ್‌ನೆಟ್ ಕೊಡುತ್ತಿದ್ದವನು ಅಬು ನದೀಮ್. ತಾರಸಿಯಿಂದ ತಾರಸಿಗೆ ಅವನದೇ ತಂತಿ. ಚಿತ್ರ ನಿಂತು ನಿಂತು ಬರುತ್ತಿತ್ತು. ದೂರಿದರೆ, "ಮನೇಲೇನು ಥಿಯೇಟರ್ ಇಟ್ಟಿದೀರಾ?" ಅಂತ ನಗುತ್ತಿದ್ದ. ಅವನನ್ನು ಬಿಟ್ಟು ಬೇರೆ ಕಡೆ ಹೋದವರ ತಂತಿ ವಾರದೊಳಗೆ ತುಂಡಾಗುತ್ತಿತ್ತು. ಹಾಗಾಗಿ ಯಾರೂ ಹೋಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ನುಹಾಳ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಪರದೆಗೆ ಬಂದು, "ಡಾಕ್ಟರು ಹೇಳಿದ್ರು, ಅದು..." ಅನ್ನುವಷ್ಟರಲ್ಲಿ ಅವಳ ಕೈ ಗಾಳಿಯಲ್ಲೇ ನಿಂತಿತು. ಮುಖ ಮಸುಕಾಯಿತು. ವದಾದ್ ಪರದೆ ತಟ್ಟಿದಳು, ಕಿಟಕಿಯ ಹತ್ತಿರ ಓಡಿದಳು, ಕೊನೆಗೆ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. ನುಹಾಳ ಗಂಡ ಫೋನ್ ಎತ್ತಲಿಲ್ಲ. ಮಾರನೆಯ ದಿನ ಅವನೇ ನನಗೆ ಹೇಳಿದ: ಗಂಟು ಕೆಟ್ಟದ್ದು, ಆಪರೇಷನ್ ಆಗಬೇಕು. ಅದನ್ನು ವದಾದಳಿಗೆ ಹೇಳುವಾಗ ನನ್ನ ಬೆರಳು ತಡವರಿಸಿತು.

ಅವಳು ಅಳಲಿಲ್ಲ. ಪಕ್ಕದ ಬೀದಿಯ ಹೊಸ ಕಂಪನಿಯವರನ್ನು ಕರೆಸಿದಳು. ಅವರು ತಂತಿ ಎಳೆದು ಹೋದ ಬೆನ್ನಿಗೇ ಅದು ತುಂಡಾಯಿತು. ಅಬು ನದೀಮ್ ವದಾದಳ ಬಾಗಿಲಿಗೇ ಬಂದ.

"ಅವಳಿಗೆ ಹೇಳು ಮುನೀರಾ. ಈ ಓಣಿ ದಾಟೋ ತಂತಿ ನನ್ನ ಕೈ ದಾಟೇ ಹೋಗ್ಬೇಕು. ಕಿವಿನೇ ಕೇಳ್ದೋಳಿಗೆ ಅಷ್ಟೊಂದು ಸ್ಪೀಡ್ ಯಾಕಂತೆ?"

ಹೇಳುವ ಅಗತ್ಯವಿರಲಿಲ್ಲ, ಅವಳು ತುಟಿ ಓದಿಯಾಗಿತ್ತು. ಅವಳ ಕೈಗಳು ರಪರಪ ಆಡಿದವು. ನನಗೆ ದಿಗಿಲಾಯಿತು.

"ಸ್ವಲ್ಪ ದಯವಿಟ್ಟು ಯೋಚ್ನೆ ಮಾಡಿ ಅಂತಿದಾಳೆ," ಅಂದೆ.

ವದಾದ್ ನನ್ನ ಭುಜಕ್ಕೆ ಗುದ್ದಿದಳು. ನನ್ನ ತುಟಿಯ ಮೇಲೂ ಅವಳ ಕಣ್ಣಿತ್ತು! ನಾನು ಹೇಳಿದ್ದನ್ನೇ ಹೇಳು, ಅಂದಳು.

"ನೀನು ಕಳ್ಳ ಅಂತಿದಾಳೆ. ಅಕ್ಕನ ಮಾತನ್ನ ಕೈಯಿಂದ ಕಿತ್ಕೊಂಡೆ ಅಂತಿದಾಳೆ."

ಅವನ ಮುಖ ಕಪ್ಪಿಟ್ಟಿತು. "ಮತ್ತೆ ಹಾಕ್ಸ್ಲಿ, ನೋಡೋಣ."

ಅವಳು ಮತ್ತೆ ಹಾಕಿಸಿದಳು. ಮರುದಿನ ಮಧ್ಯಾಹ್ನ ಅವನ ಆಳು ಇಕ್ಕಳ ಹಿಡಿದು ನಮ್ಮ ಮೆಟ್ಟಿಲು ಹತ್ತುವುದನ್ನು ಕಂಡು ವದಾದ್ ಕತ್ತರಿ ಹಿಡಿದೇ ಅವನನ್ನು ಪಕ್ಕಕ್ಕೆ ತಳ್ಳಿ ಮೇಲೆ ಓಡಿದಳು. ನಾನೂ ಹಿಂದೆಯೇ ಓಡಿದೆ. ತಾರಸಿಯ ಕಂಬದಲ್ಲಿ ಅಬು ನದೀಮನ ತಂತಿಗಳೆಲ್ಲ ಒಂದು ಕಟ್ಟಾಗಿದ್ದವು. ಅವಳು ಆ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಹೊಲಿಗೆಯ ದೊಡ್ಡ ಕತ್ತರಿಯ ಬಾಯಿಗೆ ಕೊಟ್ಟಳು. ಆಳು ನಿಂತಲ್ಲೇ ನಿಂತ.

ಕೆಳಗೆ ಅಬು ನದೀಮ್ ಅರಚುತ್ತಿದ್ದ: "ಇಳಿದು ಬಾ, ಇಲ್ಲಾಂದ್ರೆ..."

ವದಾದ್ ಹುಬ್ಬೇರಿಸಿ ನನ್ನತ್ತ ನೋಡಿದಳು. ಏನಂತೆ? ಎರಡೂ ಕೈ ತುಂಬಿದ್ದರಿಂದ ಅವಳು ಮಾತಾಡುವಂತಿರಲಿಲ್ಲ. ಹೇಳಿಕೊಡುವವರಿಲ್ಲದೆ ನಾನೇ ಗೋಡೆಗೆ ಬಗ್ಗಿ ಕೂಗಿದೆ: "ಅವಳದೊಂದು ಹೋದ್ರೆ ನಿಂದಷ್ಟೂ ಹೋಗುತ್ತೆ, ಅಬು ನದೀಮ್!"

ವದಾದ್ ಕತ್ತರಿ ಅದುಮಿದಳು. ಒಂದು ತಂತಿಯ ಸಿಪ್ಪೆ ಬಿರಿಯಿತು.

ಎದುರಿನ ಕಿಟಕಿಯಿಂದ ಮುದುಕಿ ಉಮ್ ತೌಫೀಕ್ ತಲೆ ಹಾಕಿದಳು. "ನಮ್ದೂ ಅದ್ರಲ್ಲೇ ಇದೆ. ಕತ್ತರಿಸ್ಲಿ ಬಿಡೋ, ಹೇಗಿದ್ರೂ ಬರೋದೇ ಇಲ್ವಲ್ಲ!"

ಯಾರೋ ಕಿಸಕ್ಕೆಂದರು. ಮತ್ತೊಂದು ಕಿಟಕಿ ತೆರೆಯಿತು, ಆಮೇಲೆ ಇನ್ನೊಂದು. ಅಬು ನದೀಮ್ ಮೇಲೆ ನೋಡಿದ, ಸುತ್ತಲೂ ನೋಡಿದ. ಆಮೇಲೆ ಆಳನ್ನು ಕೆಳಗೆ ಕರೆದ. ಇಬ್ಬರೂ ಬೀದಿ ದಾಟಿದ ಮೇಲೆಯೇ ವದಾದಳ ಬೆರಳು ಸಡಿಲವಾದದ್ದು. ಆಗ ಅವು ಎಷ್ಟು ನಡುಗಿದವೆಂದರೆ, ಅವಳು ಏನು ಹೇಳಿದಳೋ ನನಗೆ ತಿಳಿಯಲೇ ಇಲ್ಲ.

ವದಾದ್ ಹೊಲಿಯುತ್ತಿದ್ದ ತನ್ನ ಮಗಳ ಮದುವೆಯ ಉಡುಪನ್ನು ಅಬು ನದೀಮ್ ಅರ್ಧ ಹೊಲಿಗೆಯಲ್ಲೇ ವಾಪಸು ಒಯ್ದ. ಉಮ್ ತೌಫೀಕ್ ಮೊದಲಾಗಿ ಒಂದೊಂದೇ ಮನೆಯವರು ಹೊಸ ತಂತಿ ಹಾಕಿಸಿಕೊಂಡರು. ಆಪರೇಷನ್ನಿನ ಹಿಂದಿನ ಸಂಜೆ ಅಕ್ಕತಂಗಿಯರು ತಡೆಯಿಲ್ಲದೆ ಮಾತಾಡಿದರು; ನಾನು ಬಾಗಿಲು ಮುಂದೆ ಮಾಡಿಕೊಂಡು ಬಂದೆ. ನುಹಾ ಉಳಿದಳು, ಚಿಕಿತ್ಸೆ ಇನ್ನೂ ನಡೆದಿದೆ.

ಈಗಲೂ ತಾರಸಿಯ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾದರೆ ನಾನು ಎದ್ದು ಹೋಗಿ ನೋಡುತ್ತೇನೆ. ಅವಳಿಗೆ ಕೇಳುವುದಿಲ್ಲವಲ್ಲ.