ಮ್ಯೂಸಿಯಂನಲ್ಲಿ ನಾನು ಅಡ್ಡ ನಿಂತದ್ದು

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನನ್ನ ಮಗಳು ಮಂಗಳೂರಿಗೆ ಹೋಗಿ ಚಿತ್ರಕಲೆ ಕಲಿಯುತ್ತೇನೆಂದು ಹಟ ಹಿಡಿದಳು. ನಮ್ಮ ಮನೆಯಲ್ಲಿ ಇಂಥದ್ದಕ್ಕೆಲ್ಲ ಒಪ್ಪಿಗೆ ಕೊಡುವವರು ಅತ್ತೆ. ನನ್ನ ಗಂಡನಿಗೂ ಅಭಿಪ್ರಾಯಗಳಿದ್ದವು. ಅತ್ತೆ ಹೇಳಿದ ಮೇಲೆ ಅವನ್ನು ಹೇಳುತ್ತಿದ್ದರು.

"ಹೆಂಗಸರು ಎಂಥ ಚಿತ್ರ ಬರೀತಾರೆ ಅಂತ ಮೊದಲು ನೋಡುವ," ಎಂದರು ಅತ್ತೆ. ಬೆಳ್ತಂಗಡಿಯ ನಮ್ಮ ಮಹಿಳಾ ಸಮಾಜದವರು ಮಂಗಳೂರಿನ ಮ್ಯೂಸಿಯಂಗೆ ಹೊರಟಿದ್ದರು. ಈ ಕಡೆ ಮೊತ್ತಮೊದಲು ಕುಂಚ ಹಿಡಿದ ಹೆಂಗಸೊಬ್ಬರ ಚಿತ್ರಗಳನ್ನು ಅಲ್ಲಿ ಇಟ್ಟಿದ್ದರು. ಅತ್ತೆಯೂ ಹೊರಟರು, ಜೊತೆಗೆ ನಾನೂ ಮಗಳೂ.

ಚಿಂತೆ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಬಂಟ್ವಾಳದವರೆಗೆ ಬಸ್ಸು ಕೆಡುತ್ತದೆಂದು ಚಿಂತಿಸಿದೆ. ಅದು ಕೆಡದಿದ್ದುದರಿಂದ ಅಲ್ಲಿಂದ ಮುಂದೆ ಚಿತ್ರಗಳ ಬಗ್ಗೆ ಚಿಂತಿಸಿದೆ.

ಮ್ಯೂಸಿಯಂ ಬಾಗಿಲಲ್ಲಿ ನಮ್ಮವರೆಲ್ಲ ಚಪ್ಪಲಿ ಬಿಟ್ಟರು. ಬೇಡವೆಂದ ಕಾವಲುಗಾರನನ್ನು, ಮನೆಯಲ್ಲಿ ಹಿರಿಯರಿಲ್ಲದೆ ಬೆಳೆದವನನ್ನು ನೋಡುವಂತೆ ನೋಡಿದರು. ಒಳಗೆ ಮೂಡುಬಿದಿರೆಯ ಬಸದಿಗೆ ಬಂದವರ ಹಾಗೆ ಪ್ರದಕ್ಷಿಣೆ ಹೊರಟರು. ಅಪಾಯವೇನಾದರೂ ಉಂಟೋ ಎಂದು ನೋಡಲು ನಾನು ಮುಂದೆ ಓಡಿದೆ. ಉಂಟು. ಕೊನೆಯ ಗೋಡೆಯಲ್ಲಿ, ಬಚ್ಚಲಲ್ಲಿ ಮೀಯುವ ಹೆಂಗಸು. ಬೆನ್ನ ಮೇಲೆ ನೂಲಿನೆಳೆಯೂ ಇಲ್ಲ.

ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಚಿತ್ರಕ್ಕೆ ಅಡ್ಡ ನಿಂತೆ. ಅತ್ತೆ ದಾಟಿ ಹೋಗುತ್ತಾರೆಂಬುದು ನನ್ನ ಮಹಾ ಉಪಾಯ. ಆದರೆ ದೇವರಿಗೆ ಪರದೆ ಎಳೆದಿರುವಾಗ ನಮ್ಮ ಕಡೆಯವರು ದಾಟಿ ಹೋಗುವುದುಂಟೇ? ಅತ್ತೆ ಕೈಮುಗಿದು ನಿಂತರು. ಹಿಂದೆ ಇಡೀ ಸಮಾಜ ನಿಂತಿತು.

"ಇಲ್ಲಿ ಎಂಥ ಉಂಟು?" ಹಿಂದಿನಿಂದ ಯಾರೋ ಕೇಳಿದರು.

"ಮುಖ್ಯದ್ದು ಇದೇ ಇರಬೇಕು. ಈಗ ತೆಗೀತಾರೆ. ನೂಕಬೇಡಿ ಮಾರಾಯ್ರೆ!"

ಬೇರೆ ಚಿತ್ರಗಳೆದುರು ಅರೆಕ್ಷಣ ನಿಲ್ಲದವರು ಈಗ ಕದಲಲೊಲ್ಲರು. ಕೊನೆಗೆ ಕಾವಲುಗಾರ ಬಂದು, "ಅಮ್ಮ, ಸ್ವಲ್ಪ ಆಚೆ ನಿಲ್ಲಿ," ಎಂದ. ಮಗಳ ಕಣ್ಣಲ್ಲಿ ನೀರು ನಿಂತಿತ್ತು. ನಾನು ಸರಿದೆ.

ಅತ್ತೆ ತುಂಬ ಹೊತ್ತು ನೋಡಿದರು. ಮಗಳ ಬಣ್ಣದ ಪೆಟ್ಟಿಗೆ ಅಟ್ಟ ಸೇರಿತೆಂದೇ ನಾನು ತಿಳಿದೆ.

"ಇದಕ್ಕಾ ನೀನು ದ್ವಾರಪಾಲಕನ ಹಾಗೆ ನಿಂತದ್ದು? ಬಚ್ಚಲಲ್ಲಿ ಮತ್ತೆ ಪಟ್ಟೆಸೀರೆ ಉಟ್ಟು ಮೀಯ್ತಾರಾ ಮಾರಾಯ್ತಿ? ನನಗೆ ಸೊಂಟ ನೋವು, ಆ ಬೆಂಚಲ್ಲಿ ಕೂತ್ಕೊಳ್ಳುವ ಅಂತ ಇದ್ದೆ. ನೀನು ಮುಚ್ಚಿದ್ದಕ್ಕೆ ಇಷ್ಟು ನೋಡಿದ್ದು!"

"ಅಜ್ಜೀ, ಹಾಗಾದ್ರೆ ನಾನು ಕಲೀಬಹುದಾ?"

"ಕಲಿ. ಬರೆದದ್ದನ್ನು ಅಮ್ಮನಿಗೆ ಮಾತ್ರ ತೋರಿಸ್ಬೇಡ."

ಹಿಂದಿರುಗುವಾಗ ಬಸ್ಸಿಡೀ ನಗು. ಮಂಗಳೂರಿನಲ್ಲಿ ಮಗಳಿಗೆ ಕುಚ್ಚಲಕ್ಕಿ ಗಂಜಿ ಸಿಕ್ಕೀತೋ ಇಲ್ಲವೋ ಎಂದು ನಾನು ಬಂಟ್ವಾಳ ಬರುವ ಮೊದಲೇ ಚಿಂತೆ ಶುರುಮಾಡಿದ್ದೆ.

ಮನೆ ಸೇರಿದ ಮೇಲೆ ಗಂಡನೂ ತಮ್ಮ ಅಭಿಪ್ರಾಯ ಹೇಳಿದರು: ಹುಡುಗಿ ಕಲಿಯಲಿ.