ತರಲು ಮರೆತ ಶಿವದಾರ

ಫೋನಿನಲ್ಲಿ ಬೋಟಿನ ಜಾಹೀರಾತು ನೋಡಿದ್ದು ನಾನು, ಸೀಟು ಹಿಡಿದಿಟ್ಟಿದ್ದು ನಾನು, ಬರಲ್ಲ ಬರಲ್ಲ ಎನ್ನುತ್ತಿದ್ದ ಅತ್ತೆಯನ್ನು ಕಾರಿಗೆ ಹತ್ತಿಸಿದ್ದೂ ನಾನು. ಹಾಗಾಗಿ ಮುಂದೆ ಆದದ್ದಕ್ಕೆ ಬೇರೆ ಯಾರ ಮೇಲೂ ಗೂಬೆ ಕೂರಿಸುವಂತಿಲ್ಲ. ಪ್ರಯತ್ನವನ್ನೇನೋ ಮಾಡಿದೆ, ಇಲ್ಲವೆನ್ನುವುದಿಲ್ಲ. ಬೋಟಿನವನ ಮೇಲೆ ಕೂಗಾಡಿದೆ, ಲೈಫ್ ಜಾಕೆಟ್ ಹೊಲಿದವನಿಗೆ ಶಾಪ ಹಾಕಿದೆ. ಕೊನೆಗೆ ಎಲ್ಲ ಸುತ್ತಿಕೊಂಡು ನನ್ನ ಬುಡಕ್ಕೇ ಬಂತು.

ಭದ್ರಾ ಹಿನ್ನೀರಿನಲ್ಲಿ ಈಗ ಸಂಜೆ ಬೋಟು ಬಿಡುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ಹೊರಟು, ನಡುವೆ ಎರಡು ಕಡೆ ನಿಲ್ಲಿಸಿ ಈಜಲು ಬಿಟ್ಟು, ಸೂರ್ಯ ಮುಳುಗಿದ ಮೇಲೆ ಬೋಟಿನಲ್ಲೇ ಊಟ ಹಾಕಿ ದಡಕ್ಕೆ ತರುತ್ತಾರೆ. ಆ ಚಿತ್ರ ಕಂಡ ಕೂಡಲೇ ನನಗೆ ನೆನಪಾದದ್ದು ಅತ್ತೆ, ಅಂದರೆ ನನ್ನ ಗಂಡನ ತಾಯಿ. ಭದ್ರಾವತಿಯಲ್ಲಿ ನಾಲೆಯ ಪಕ್ಕದ ಮನೆಯಲ್ಲಿ ಹುಟ್ಟಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಮದುವೆಯಾಗಿ ಅದೇ ಊರಿನ ಇನ್ನೊಂದು ಬೀದಿಗೆ ಬಂದ ಮೇಲೆ ನೀರಿಗೆ ಇಳಿದಿರಲಿಲ್ಲ. ಇಳಿಯಬೇಡ ಎಂದು ಯಾರೂ ಹೇಳಲಿಲ್ಲವಂತೆ, ಇಳಿ ಎಂದೂ ಹೇಳಲಿಲ್ಲವಂತೆ. ಮೊಮ್ಮಕ್ಕಳು ಈಜುಕೊಳದ ವಿಡಿಯೋ ತೋರಿಸಿದರೆ ಮಾತ್ರ, "ಕಾಲು ಬಡಿಯೋದು ಹಂಗಲ್ಲ ಕಣೋ, ಕಪ್ಪೆ ನೋಡಿಲ್ವೇನೋ ನೀನು" ಎಂದು ಬೈಯುತ್ತಿದ್ದರು.

ಅತ್ತೆ ಇರುವುದು ಭದ್ರಾವತಿಯಲ್ಲಿ, ಹಿರಿಯ ಮಗನ ಸಂಸಾರದ ಜೊತೆ. ನಾವಿರುವುದು ಶಿವಮೊಗ್ಗದಲ್ಲಿ. ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿರುವಾಗಲೇ ಅವರ ಫೋನು ಬರುತ್ತಿತ್ತು. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಪೂಜೆ ಆಯ್ತಾ?"

"ಆಯ್ತತ್ತೆ."

ಆಮೇಲೆ ತಿಂಡಿ, ಆಮೇಲೆ ಮಳೆ, ಆಮೇಲೆ ಅವರ ಮಗನ ಬೆನ್ನುನೋವು.

ಪೂಜೆ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಬರೀ ದೇವರಕೋಣೆಯ ಪೂಜೆಯಲ್ಲ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಕಣ್ತುಂಬ ನೋಡಿ, ಕೈಮುಗಿದು ಆಮೇಲೆ ಊಟ. ಒಮ್ಮೆ ಕಟ್ಟಿದ ಲಿಂಗ ಮೈ ಬಿಡಬಾರದು. ಅತ್ತೆಯ ಲಿಂಗ ಒಂದು ಪುಟ್ಟ ಬೆಳ್ಳಿ ಕರಡಿಗೆಯೊಳಗೆ ಇರುತ್ತಿತ್ತು. ಶಿವದಾರ ಎನ್ನುವ ನೂಲಿನ ದಾರದಲ್ಲಿ ಆ ಕರಡಿಗೆ ಅವರ ಕುಪ್ಪಸದ ಒಳಗೆ ತೂಗುತ್ತಿತ್ತು. ದಾರ ಹಳತಾಗಿತ್ತು. "ಗಾಂಧಿ ಬಜಾರಿಗೆ ಹೋದಾಗ ಒಂದು ಶಿವದಾರ ತಗೊಂಡು ಬಾರೆ, ಇದು ಪಿಸೀತಾ ಇದೆ" ಎಂದು ಹೇಳಿದ್ದರು. ಕೆಲವು ವಾರ ಬಿಟ್ಟು ಮತ್ತೆ ನೆನಪಿಸಿದರು. ಅಂಗಡಿ ನನ್ನ ಆಫೀಸಿನಿಂದ ಕೂಗಳತೆ ದೂರದಲ್ಲಿದೆ. ಅದರ ಮುಂದೆಯೇ ಓಡಾಡಿ ಹೂವು ತಂದೆ, ಬ್ಲೌಸ್ ಪೀಸು ತಂದೆ, ಹಪ್ಪಳ ತಂದೆ. ಅದೊಂದನ್ನು ಮರೆತೆ.

ಯಾಕೆ ಮರೆತೆ ಎಂದರೆ ನನ್ನ ಕೊರಳಲ್ಲಿ ಲಿಂಗವೇ ಇರಲಿಲ್ಲ. ಕುತ್ತಿಗೆ ನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ತೆಗೆದು ಬೀರುವಿನಲ್ಲಿದ್ದ ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟೆ. ನಾಳೆ ಕಟ್ಟಿಕೊಂಡರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ, ವರ್ಷಗಳಾದವು. ನಂಬಿಕೆ ಹೋಯಿತು, ವಾದ ಮಾಡಿದೆ, ಬಿಟ್ಟೆ ಎನ್ನುವ ದೊಡ್ಡ ಕಥೆಯೇನೂ ಇಲ್ಲ. ಸೋಮಾರಿತನ, ಅಷ್ಟೇ. ಆದರೆ ಭದ್ರಾವತಿಗೆ ಹೊರಟ ದಿನ ಮಾತ್ರ ಬೀರು ತೆಗೆದು ಕಟ್ಟಿಕೊಂಡು ಹೋಗುತ್ತಿದ್ದೆ. ಅತ್ತೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು, ಅವರಂತೆಯೇ ಕಣ್ಣು ಅರ್ಧ ಮುಚ್ಚಿ ಕೂರುತ್ತಿದ್ದೆ. ಹಬ್ಬಕ್ಕೆ ರೇಷ್ಮೆ ಸೀರೆ ತೆಗೆಯುವುದಿಲ್ಲವೇ, ಹಾಗೆ. ಬರೆಯುವಾಗ ಈಗಲೂ ಮೈ ಹಿಡಿಯಾಗುತ್ತದೆ.

ಬೋಟಿಗೆ ಹೊರಟ ದಿನ ಬೀರು ತೆಗೆಯಲಿಲ್ಲ. ಅತ್ತೆಯ ಮನೆಗೆ ಹೋಗುತ್ತಿಲ್ಲವಲ್ಲ, ಬಾಗಿಲಲ್ಲಿ ಹತ್ತಿಸಿಕೊಂಡು ಸೀದಾ ಹಿನ್ನೀರಿಗೆ ತಾನೆ ಎಂದುಕೊಂಡೆ. ನನ್ನ ಗಂಡನಿಗೆ ನೀರೆಂದರೆ ಹೆದರಿಕೆ. "ನೀವಿಬ್ಬರೂ ಮುಳುಗಿ, ನಾನು ಮನೇಲಿ ಮ್ಯಾಚ್ ನೋಡ್ತೀನಿ" ಎಂದು ಉಳಿದುಕೊಂಡರು. ಮಲವಗೊಪ್ಪ ದಾಟುವಷ್ಟರಲ್ಲಿ ಅತ್ತೆಯ ಫೋನು ಬಂತು. "ಲೇ, ನಾನು ಏನ್ ಹಾಕ್ಕೊಂಡು ಈಜ್ಲೆ? ಸೀರೆ ಉಟ್ಕೊಂಡು ಇಳಿದ್ರೆ ಜನ ನಗ್ತಾರೆ, ಉಡದೇ ಇಳಿದ್ರೆ ಇನ್ನೂ ನಗ್ತಾರೆ." ನನ್ನದೇ ಒಂದು ಸಡಿಲವಾದ ಕುರ್ತಾ, ಲೆಗ್ಗಿನ್ಸ್ ತಂದಿದ್ದೇನೆ ಎಂದೆ. ಕಾರು ಹತ್ತಿದ ಮೇಲೆ ದಾರಿಯುದ್ದಕ್ಕೂ ಆ ಲೆಗ್ಗಿನ್ಸನ್ನು ಎಳೆದೆಳೆದು ನೋಡಿ ನಕ್ಕರು.

ಬೋಟಿನಲ್ಲಿ ನಮ್ಮನ್ನು ಬಿಟ್ಟರೆ ಕಾರ್ಖಾನೆ ಕ್ವಾರ್ಟರ್ಸಿನ ಒಂದು ತಮಿಳು ಕುಟುಂಬವಿತ್ತು. ನೀರಿಗೆ ಇಳಿಯುವವರು ಸರ, ಬಳೆ, ಉಂಗುರ ಎಲ್ಲ ತೆಗೆದಿಡಬೇಕು ಎಂದ ಬೋಟಿನವನು. ಅತ್ತೆ ಸರ, ಬಳೆ ಬಿಚ್ಚಿ ನನ್ನ ಬ್ಯಾಗಿಗೆ ಹಾಕಿದರು.

"ಲಿಂಗಾನೂ ಕೊಡಿ ಅತ್ತೆ, ಇಟ್ಟಿರ್ತೀನಿ."

"ಅದೇನು ಒಡವೇನೇ?" ಎಂದು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀನು ತೆಗೀತೀಯಾ?"

"ಇಲ್ಲಪ್ಪ" ಎಂದೆ. ಕತ್ತಿನವರೆಗೆ ಗುಂಡಿಯಿದ್ದ ಟೀ ಶರ್ಟು ನನ್ನ ಮಾನ ಕಾಪಾಡಿತು.

ಮೊದಲ ಸಲ ನಿಲ್ಲಿಸಿದಾಗ ಅತ್ತೆ ಏಣಿಯ ಕೊನೆಯ ಮೆಟ್ಟಿಲಲ್ಲಿ ಕೂತು ಕಾಲು ಆಡಿಸಿದರು, ಅಷ್ಟೇ. ಎರಡನೆಯ ಸಲ, ಸೂರ್ಯ ಗುಡ್ಡದ ನೆತ್ತಿಗೆ ತಾಗಿದ್ದಾಗ, ಯಾರಿಗೂ ಹೇಳದೆ ಕೈಬಿಟ್ಟರು. ನಾನು ಏಣಿಯ ಹತ್ತಿರ ಓಡಿ ಬಗ್ಗಿದೆ. ಅಷ್ಟರಲ್ಲಿ ಆಚೆ ತೇಲಿ, ಅಂಗಾತ ಮಲಗಿ, "ಅಯ್ಯೋ ಮಾರಾಯ್ತಿ! ಇದು ನನ್ನನ್ನ ಮರ್ತೇ ಇಲ್ಲ ಕಣೆ!" ಎಂದು ಕೂಗಿದರು. ಇದು ಎಂದರೆ ನೀರು. ಜಾಕೆಟ್ಟಿಗೆ ಬೈದರು, ಇದನ್ನು ಹಾಕಿಕೊಂಡು ಈಜುವುದೂ ಒಂದು ಈಜೇ ಎಂದರು. ತಮಿಳು ಮನೆಯ ಮಕ್ಕಳಿಗೆ ಕಪ್ಪೆ ಕಾಲು ಹೇಳಿಕೊಟ್ಟರು. ನೀರೆಲ್ಲ ಕೆಂಪಾಗಿತ್ತು. ನಾನೂ ಇಳಿದು ಪಕ್ಕದಲ್ಲಿ ತೇಲಿದೆ. ಇವರನ್ನು ಕರೆತಂದೆನಲ್ಲ, ಭೇಷ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನಿಜವಾಗಿಯೂ ಅಷ್ಟು ಸಂತೋಷ ಆಗಿತ್ತು.

ಹೊರಡುವ ಹೊತ್ತಾಯಿತು ಎಂದು ಬೋಟಿನವನು ಕರೆದಾಗ ನಾನು ಮೊದಲು ಹತ್ತಿದೆ. ಅತ್ತೆ ಏಣಿ ಹತ್ತುವಾಗ ನೀರು ಕುಡಿದ ಜಾಕೆಟ್ಟು ಗದ್ದಕ್ಕೆ ಬಂದು ಕಂಬಿಗೆ ಸಿಕ್ಕಿಕೊಂಡಿತು. ಮೇಲಿಂದ ಬಗ್ಗಿ ಬಕಲ್ ಬಿಚ್ಚಿ, ಜಾಕೆಟ್ಟನ್ನು ಅವರ ತಲೆಯ ಮೇಲಿಂದ ಎಳೆದೆ. ಏನೋ ತಡೆದಂತಾಯಿತು. ನನಗೆ ತಾಳ್ಮೆ ಎಲ್ಲಿಯದು? ಇನ್ನೂ ಜೋರಾಗಿ ಎಳೆದೆ, ಬಂತು. ಅತ್ತೆ ನಗುತ್ತಲೇ ಮೇಲೆ ಬಂದರು.

ಪರದೆಯ ಹಿಂದೆ ನಡುಗುತ್ತ, ಗಡಿಬಿಡಿಯಲ್ಲಿ ಸೀರೆ ಸುತ್ತಿಕೊಂಡರು. ಊಟ ಈಗಲೇ ಬಡಿಸುತ್ತೇವೆ ಎಂದರು ಬೋಟಿನವರು. ಅತ್ತೆಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಆಗಬೇಕು. ನಾನೇ ಹೊಟ್ಟೆಗೆ ಚುಚ್ಚಿದೆ. ಚುಚ್ಚಿದ ಮೇಲೆ ಉಣ್ಣದಿದ್ದರೆ ಸಕ್ಕರೆ ಇಳಿದು ಬಿದ್ದುಬಿಡುತ್ತಾರೆ. ಹಿಂದೊಮ್ಮೆ ಹಾಗೆ ಬಿದ್ದು ಆಸ್ಪತ್ರೆ ಸೇರಿದ್ದರು.

ಮೇಜಿನ ಆ ತುದಿಯಲ್ಲಿ ಮೀನು, ಈ ತುದಿಯಲ್ಲಿ ನಮಗೆ ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು. ಅತ್ತೆ ಕೈ ತೊಳೆದು, ಕಾಲು ಮಡಚಿ ಕೂತು, ಸೆರಗಿನೊಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

"ಇಲ್ಲ ಕಣೆ" ಎಂದರು.

"ಏನಿಲ್ಲ?"

"ಲಿಂಗ."

ಒದ್ದೆ ಬಟ್ಟೆ ಕೊಡವಿದೆ, ಬ್ಯಾಗು ಸುರಿದೆ, ಬೆಂಚಿನ ಕೆಳಗೆ ತೆವಳಿದೆ. ರಾಶಿ ಹಾಕಿದ್ದ ಜಾಕೆಟ್ಟುಗಳಲ್ಲಿ ಅತ್ತೆಯದನ್ನು ಹುಡುಕಿ ತೆಗೆದರೆ, ಬಕಲಿನಲ್ಲಿ ಗೇಣುದ್ದದ ದಾರ ನೇತಾಡುತ್ತಿತ್ತು. ಪಿಸಿದ, ಹಳೆಯ ಶಿವದಾರ. ಬೋಟು ತಿರುಗಿಸು ಎಂದು ಬೋಟಿನವನ ಮೇಲೆ ಕಿರುಚಿದೆ.

"ಅಕ್ಕಾ, ಅಲ್ಲಿ ಎರಡು ತೆಂಗಿನಮರದಷ್ಟು ಆಳ ಐತೆ. ಕತ್ತಲಾಗ್ತಾ ಐತೆ. ಯಾರನ್ನೂ ಇಳಿಸಂಗಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಅತ್ತೆ ಅಳಲಿಲ್ಲ. ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ನೀನು ಉಣ್ಣು. ನಂಗೆ ಬೇಡ."

"ಅತ್ತೆ, ಇಂಜೆಕ್ಷನ್ ಆಗಿದೆ!"

"ಗೊತ್ತು. ಚುಚ್ಚಿದ್ದು ನನ್ನ ಹೊಟ್ಟೆಗೆ ತಾನೆ? ಲಿಂಗ ಕಳ್ಕೊಂಡೋರು ಇನ್ನೊಂದು ಕಟ್ಟಿಸ್ಕೊಳ್ಳೋ ತನಕ ನೀರೂ ಮುಟ್ಟಬಾರದು ಅಂತ ನಮ್ಮವ್ವ ಹೇಳಿದ್ರು. ಹಿಂದಿನೋರು ಜೀವಾನೇ ಬಿಡ್ತಿದ್ರಂತೆ."

"ಹಿಂದಿನೋರ ಪುರಾಣ ಬಿಡಿ! ನೀವೀಗ ಬಿದ್ರೆ ನಾನು ಏನ್ ಮಾಡ್ಲಿ ಈ ನೀರಿನ ಮಧ್ಯ?" ಎಂದು ರೇಗಿದೆ. ಹೆದರಿದಾಗ ನನಗೆ ಸಿಟ್ಟೇ ಮೊದಲು ಬರುವುದು. ತಮಿಳು ಮನೆಯ ಹೆಂಗಸು ಒಂದು ಬಟ್ಟಲು ಕೇಸರಿಬಾತ್ ತಂದು, "ಸ್ವಲ್ಪ ಸ್ವೀಟ್ ಬಾಯಿಗೆ ಹಾಕ್ಕೊಳಿ ಅಮ್ಮಾ" ಎಂದು ಎಷ್ಟು ಬೇಡಿದರೂ ಅತ್ತೆ ಕೈಮುಗಿದು ತಲೆಯಾಡಿಸಿದರು. ಅವರ ಹಣೆಯಲ್ಲಿ ಬೆವರು ಕಾಣಿಸಿತು. ಮುಗಿದ ಕೈಗಳು ನಡುಗುತ್ತಿದ್ದವು. ನಾನು ಅತ್ತುಬಿಟ್ಟೆ.

ನನ್ನ ಅಳು ನೋಡಿ ಅವರು ಸೋತರು. "ಏ ಹುಡುಗಿ, ಅಳಬ್ಯಾಡ ಸುಮ್ನಿರು. ಒಂದು ಕೆಲಸ ಮಾಡು. ನಿಂದು ತೆಗಿ."

ನನಗೆ ಕೇಳಿಸಿತು. ಕೇಳಿಸದವಳಂತೆ ಕೂತೆ.

"ನಿನ್ನ ಲಿಂಗ ತೆಗೆದು ನಿನ್ನ ಅಂಗೈಲೇ ಇಟ್ಕೋ. ಒಬ್ಬರದನ್ನ ಇನ್ನೊಬ್ಬರು ಪೂಜೆ ಮಾಡಂಗಿಲ್ಲ, ನಿಜ. ನಾನು ಮುಟ್ಟಲ್ಲ. ನೋಡಿ ಕೈ ಮುಗಿದು ಎರಡು ತುತ್ತು ಉಣ್ತೀನಿ. ತಪ್ಪಾದ್ರೆ ಶಿವನ ಹತ್ರ ನಾನೇ ಮಾತಾಡ್ಕೊಂತೀನಿ. ತೆಗಿ ಬೇಗ, ಕಣ್ಣು ಕತ್ತಲೆ ಬರ್ತಾ ಇದೆ."

ಸುಳ್ಳು ಹೇಳಲು ಆಗಲೂ ಹುಡುಕಿದೆ. ನನ್ನದೂ ನೀರಿಗೆ ಬಿತ್ತು ಎಂದರೆ? ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ. ಆದರೆ ಹಾಗೆಂದರೆ ಅವರು ಉಣ್ಣುವುದಿಲ್ಲ.

"ನನ್ನ ಹತ್ರ ಇಲ್ಲ ಅತ್ತೆ. ಮನೇಲಿದೆ."

"ಮನೇಲಿ ಅಂದ್ರೆ?"

"ಬೀರುನಲ್ಲಿ."

"ಯಾವಾಗಿಂದ?"

ವರ್ಷಗಳಾಯಿತು ಎಂದೆ.

"ಮತ್ತೆ ದಿನಾ ಬೆಳಿಗ್ಗೆ ನಾನು ಕೇಳಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು. ಬೈದಿದ್ದರೆ ನಾನೂ ಏನಾದರೂ ತಿರುಗಿ ಅನ್ನುತ್ತಿದ್ದೆ, ಜಗಳವಾಗಿ ಹಗುರವಾಗುತ್ತಿತ್ತು. ಅವರು ಬೋಟಿನ ಅಂಚಿನಾಚೆ ಕಪ್ಪಗಾಗುತ್ತಿದ್ದ ನೀರನ್ನು ನೋಡಿದರು.

"ಅಷ್ಟು ವರ್ಷವೂ ಹಂಗೇ ಉಂಡ್ಯಾ?"

"ಹೂಂ."

"ಏನೂ ಆಗ್ಲಿಲ್ವಲ್ಲ ನಿಂಗೆ?"

"ಇಲ್ಲ."

"ಬಡಿಸು ಹಂಗಾದ್ರೆ" ಎಂದರು.

ಚಪಾತಿ ಮುರಿದು ತಟ್ಟೆಗೆ ಹಾಕಿದೆ. ಅತ್ತೆ ಅಭ್ಯಾಸದಂತೆ ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು ಅಂಗೈ ಬಿಚ್ಚಿದರು. ಅದರಲ್ಲಿ ಏನೂ ಇರಲಿಲ್ಲ. ದಿನವೂ ಎಷ್ಟು ಹೊತ್ತು ನೋಡುತ್ತಿದ್ದರೋ ಅಷ್ಟೇ ಹೊತ್ತು ಆ ಅಂಗೈಯನ್ನು ನೋಡಿದರು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಉಂಡರು. ರುಚಿಯ ಬಗ್ಗೆ ಮಾತಿಲ್ಲ, ಉಪ್ಪು ಸಪ್ಪೆಯ ಬಗ್ಗೆ ಮಾತಿಲ್ಲ. ಔಷಧಿ ನುಂಗಿದಂತೆ ನುಂಗಿದರು. ಬೆವರು ಆರಿತು, ಕೈ ನಡುಕ ನಿಂತಿತು. ನನ್ನ ತಟ್ಟೆಯನ್ನು ನಾನು ಮುಟ್ಟಲಿಲ್ಲ. ಆಗ ಮಾತ್ರ ಗದರಿದರು, "ನೀನ್ಯಾಕೆ ಬಿಡ್ತೀಯ? ನಿಂಗೆ ರೂಢಿ ಇದೆಯಲ್ಲ, ಉಣ್ಣು."

ಮರುದಿನ ಗಾಂಧಿ ಬಜಾರಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಒಂದು ಶಿವದಾರ ಕೇಳಿದ್ದರು, ಒಂದು ಕಟ್ಟು ತೆಗೆದುಕೊಂಡೆ. ಭದ್ರಾವತಿಯಲ್ಲಿ ಮಠದ ಅಯ್ಯನವರು ಹೊಸ ಲಿಂಗ ಕಟ್ಟುವ ಮುಂಚೆ ಅತ್ತೆಯನ್ನು ಕೇಳಿದರು, "ನಿನ್ನೆಯಿಂದ ಏನೂ ತಗೊಂಡಿಲ್ಲ ಅಲ್ವಾ ತಾಯಿ?"

"ಉಂಡಿದೀನಿ" ಎಂದರು ಅತ್ತೆ.

ಅಯ್ಯನವರು ಯಾಕೆ ಎಂಬಂತೆ ನೋಡಿದರು. ಇಂಜೆಕ್ಷನ್ ಆಗಿತ್ತು ಎಂದು ಹೇಳಬಹುದಿತ್ತು. ಅದು ನಿಜವೂ ಹೌದು, ಅಯ್ಯನವರು ಒಪ್ಪುತ್ತಲೂ ಇದ್ದರು. ಅತ್ತೆ ಹೇಳಲಿಲ್ಲ. ಸೊಸೆಯ ಹೆಸರನ್ನೂ ಎತ್ತಲಿಲ್ಲ. ತಲೆ ತಗ್ಗಿಸಿ ಕೂತರು. ನಾನು ಹಿಂದೆ ಗೋಡೆಗೆ ಒರಗಿ ನಿಂತು, ಆ ತಗ್ಗಿದ ತಲೆಯನ್ನೇ ನೋಡುತ್ತಿದ್ದೆ.

ಬೋಟಿನ ವಿಷಯವನ್ನು ಅವರು ಯಾರ ಹತ್ತಿರವೂ ಆಡಿಕೊಂಡಿಲ್ಲ. ಹೇಗಿತ್ತಮ್ಮ ಎಂದು ನನ್ನ ಗಂಡ ಕೇಳಿದರೆ, "ನೀರು ಚೆನ್ನಾಗಿತ್ತು" ಎಂದರಂತೆ.

ಕನ್ನಡಕದ ಪೆಟ್ಟಿಗೆ ಈಗ ಖಾಲಿ. ಹೊಸ ದಾರಕ್ಕೆ ಕಟ್ಟಿಕೊಂಡಿದ್ದೇನೆ. ಭಕ್ತಿ ಬಂತೆಂದು ಹೇಳಿಕೊಳ್ಳುವ ಧೈರ್ಯವಿಲ್ಲ. ಅಂಗೈಯಲ್ಲಿಟ್ಟು ನೋಡುವಾಗ ನನಗೆ ಕಾಣುವುದು ಹೆಚ್ಚಾಗಿ ಅತ್ತೆಯ ಖಾಲಿ ಅಂಗೈ. ಆದರೂ ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಕಾಯುತ್ತೇನೆ. ಅದು ತಪ್ಪದೆ ಬರುತ್ತದೆ. ಅತ್ತೆಯ ದನಿಯಲ್ಲಿ ಸಿಟ್ಟಿಲ್ಲ, ಮುನಿಸಿಲ್ಲ, ಪ್ರೀತಿಯೂ ಕಮ್ಮಿಯಾಗಿಲ್ಲ.

"ತಿಂಡಿ ಆಯ್ತಾ?" ಎಂದು ಶುರು ಮಾಡುತ್ತಾರೆ.